ಆಡಿಟ್ ಪಾಲಿಸಿ: ಬರೆದಿಟ್ಟದ್ದು ಮತ್ತು ಜಾರಿಯಲ್ಲಿದ್ದದ್ದು

ಕಚೇರಿಯ ವಿಂಡೋಸ್ ಕಂಪ್ಯೂಟರುಗಳಲ್ಲಿ ಸೆಕ್ಯುರಿಟಿ ಆಡಿಟ್ ಪಾಲಿಸಿ (ಯಾವ ಘಟನೆಗಳನ್ನು ಲಾಗಿನಲ್ಲಿ ದಾಖಲಿಸಬೇಕೆಂಬ ನಿಯಮ) ನಿಗದಿಯಂತೆ ಇದೆಯೇ ಎಂದು ಪರಿಶೀಲಿಸುವ ಕೆಲಸ ಇತ್ತೀಚೆಗೆ ನನ್ನ ಪಾಲಿಗೆ ಬಂತು. ಪ್ರತಿ ಯಂತ್ರದಲ್ಲೂ ಲೋಕಲ್ ಸೆಕ್ಯುರಿಟಿ ಪಾಲಿಸಿ ತೆರೆದು ನೋಡುವುದು ಬೇಸರದ ಕೆಲಸ, ಸಾಲದ್ದಕ್ಕೆ ಅದನ್ನು ಪೂರ್ತಿ ನಂಬುವಂತೆಯೂ ಇಲ್ಲ. ವಿಂಡೋಸ್ ವಿಸ್ಟಾ ಕಾಲದಿಂದ ಈ ಪಾಲಿಸಿಯ ಹಳೆಯ 9 ವಿಭಾಗಗಳು 50ಕ್ಕೂ ಹೆಚ್ಚು ಉಪವಿಭಾಗಗಳಾಗಿ ಒಡೆದಿವೆ; ಲೋಕಲ್ ಸೆಕ್ಯುರಿಟಿ ಪಾಲಿಸಿಯಲ್ಲಿ ಕಾಣುವುದು ಬರೆದಿಟ್ಟ ಪಾಲಿಸಿಯೇ ಹೊರತು ಆ ಹೊತ್ತಿಗೆ ಜಾರಿಯಲ್ಲಿರುವುದಲ್ಲ. ಜಾರಿಯಲ್ಲಿರುವುದನ್ನು ಆಡಿಟ್‌ಪೋಲ್ ಎಂಬ ಕಮಾಂಡ್ ಹೇಳುತ್ತದೆ. ಅದನ್ನು ಓಡಿಸಿ, ಬಂದ ಉತ್ತರವನ್ನು ಇರಬೇಕಾದ ಸೆಟ್ಟಿಂಗ್‌ಗಳ ನಮ್ಮ ಪಟ್ಟಿಯೊಂದಿಗೆ ಹೋಲಿಸುವ ಪವರ್‌ಶೆಲ್ ಸ್ಕ್ರಿಪ್ಟ್ (ವಿಂಡೋಸ್ ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಚಿಕ್ಕ ಪ್ರೋಗ್ರಾಂ) ಬರೆದೆ. ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದೆ ಅದು ಓಡುವುದಿಲ್ಲ.

ಉಪವಿಭಾಗದ ಹೆಸರನ್ನು ಹುಡುಕುವ ಸ್ಕ್ರಿಪ್ಟ್ ಜರ್ಮನ್ ಭಾಷೆಯ ವಿಂಡೋಸಿನಲ್ಲಿ ಕೈಕೊಡುತ್ತದೆ, ಏಕೆಂದರೆ ಹೆಸರುಗಳು ಯಂತ್ರದ ಭಾಷೆಯಲ್ಲಿಯೇ ಬರುತ್ತವೆ. ಹಾಗಾಗಿ ಎಲ್ಲೆಡೆ ಒಂದೇ ಆಗಿರುವ ಜಿಯುಐಡಿಯನ್ನು (ಪ್ರತಿ ಉಪವಿಭಾಗದ ವಿಶಿಷ್ಟ ಗುರುತುಸಂಖ್ಯೆಯನ್ನು) ಹಿಡಿದೆ. ಆಡಿಟ್‌ಪೋಲ್‌ನ ಬ್ಯಾಕಪ್ ಆಯ್ಕೆಯಿಂದ ಸಿಗುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಪಟ್ಟಿ) ಫೈಲಿನಲ್ಲಿ ಸೆಟ್ಟಿಂಗ್ ಅಂಕಿಯಾಗಿಯೂ ಇರುತ್ತದೆ: 0 ಎಂದರೆ ಏನೂ ಇಲ್ಲ, 1 ಯಶಸ್ಸು, 2 ವೈಫಲ್ಯ, 3 ಎರಡೂ. ಪಟ್ಟಿ 1 ಕೇಳಿ ಯಂತ್ರದಲ್ಲಿ 3 ಇದ್ದರೆ ಅದನ್ನು ದೋಷವೆಂದು ಬರೆಯುವುದು ಪರಿಶೋಧಕರಿಗೆ ಇಷ್ಟವಾದೀತು, ನನಗಂತೂ ಸರಿಯೆನಿಸಲಿಲ್ಲ. ಬೇಕಾದ ಬಿಟ್ ಇದೆಯೇ (3ರಲ್ಲಿ 1 ಸೇರಿಯೇ ಇದೆ) ಎಂದಷ್ಟೇ ಸ್ಕ್ರಿಪ್ಟ್ ನೋಡುತ್ತದೆ.

ಒಂದು ಯಂತ್ರದ ಸಾಲು ಮಾತ್ರ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಯಂತ್ರಗಳಿಗೆಲ್ಲ ಒಂದೆಡೆಯಿಂದ ಸೆಟ್ಟಿಂಗ್ ಕಳಿಸುವ ಗ್ರೂಪ್ ಪಾಲಿಸಿಯ ಹಳೆಯ ವಿಭಾಗದಲ್ಲಿ ಲಾಗಾನ್‌ಗೆ (ಯಂತ್ರಕ್ಕೆ ಒಳಬರುವುದಕ್ಕೆ) ಯಶಸ್ಸು, ವೈಫಲ್ಯ ಎರಡೂ ಟಿಕ್ ಆಗಿದ್ದವು. ಸ್ಕ್ರಿಪ್ಟ್ ತೋರಿಸಿದ್ದು ಬರೀ 1. ಬೇಕೆಂದೇ ತಪ್ಪು ಪಾಸ್‌ವರ್ಡ್ ಒತ್ತಿ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆರೆದರೆ, ಒಳಬಂದದ್ದನ್ನು ದಾಖಲಿಸುವ ಈವೆಂಟ್ 4624 ಸಾಲುಸಾಲಾಗಿತ್ತು, ವಿಫಲ ಯತ್ನದ 4625 ಒಂದೂ ಇರಲಿಲ್ಲ. ಉಪವಿಭಾಗದ ಸೆಟ್ಟಿಂಗ್‌ಗಳೇ ಮೇಲುಗೈ ಪಡೆಯಲಿ ಎಂಬ ಸೆಕ್ಯುರಿಟಿ ಆಯ್ಕೆ ಅಲ್ಲಿ ಚಾಲೂ ಇದ್ದುದರಿಂದ ಹಳೆಯ ವಿಭಾಗದ ಟಿಕ್‌ಗಳಿಗೆ ಯಾವ ಬೆಲೆಯೂ ಇರಲಿಲ್ಲ. ಯಾರಾದರೂ ರಾತ್ರಿಯಿಡೀ ಪಾಸ್‌ವರ್ಡ್ ಊಹಿಸುತ್ತ ಕುಳಿತಿದ್ದರೂ ಆ ಯಂತ್ರದ ಸೆಕ್ಯುರಿಟಿ ಲಾಗಿನಲ್ಲಿ ಒಂದು 4625 ಕೂಡ ಬೀಳುತ್ತಿರಲಿಲ್ಲ. ಉಪವಿಭಾಗಗಳಿರುವ ಅಡ್ವಾನ್ಸ್ಡ್ ಆಡಿಟ್ ಪಾಲಿಸಿಯಲ್ಲಿ ವೈಫಲ್ಯವನ್ನೂ ಸೇರಿಸಿ, ಪಾಲಿಸಿ ರಿಫ್ರೆಶ್ ಮಾಡಿ, ಮತ್ತೆ ತಪ್ಪು ಪಾಸ್‌ವರ್ಡ್ ಒತ್ತಿದ ಮೇಲೆ ಲಾಗಾನ್ ಟೈಪ್ 2 (ಯಂತ್ರದ ಮುಂದೆಯೇ ಕುಳಿತು ಮಾಡಿದ ಲಾಗಾನ್) ಎಂಬ ವಿವರದೊಂದಿಗೆ 4625 ಬಂತು.

ಈಗ ಸ್ಕ್ರಿಪ್ಟ್ ಪ್ರತಿದಿನ ಟಾಸ್ಕ್ ಶೆಡ್ಯೂಲರ್ ಮೂಲಕ ಓಡುತ್ತದೆ. ವ್ಯತ್ಯಾಸ ಕಂಡರೆ ಮೊದಲು ನೋಡುವುದು ಆಡಿಟ್ ಪಾಲಿಸಿ ಬದಲಾದಾಗ ದಾಖಲಾಗುವ 4719 ಈವೆಂಟನ್ನು. ಬದಲಾವಣೆ ಗ್ರೂಪ್ ಪಾಲಿಸಿಯಿಂದ ಆಗಿದ್ದರೆ ಅದರಲ್ಲಿ ಯಂತ್ರದ ಖಾತೆಯೇ ಇರುತ್ತದೆ, ಬಳಕೆದಾರರ ಹೆಸರಿದ್ದರೆ ಅವರನ್ನೇ ಕೇಳುತ್ತೇವೆ.