ಕಾರಿನಡಿಯ ರಟ್ಟು ಒಣಗಿಯೇ ಇತ್ತು

ಸದ್ದನ್ನು ಮೊದಲು ಗುರುತಿಸಿದ್ದು ನಾನಲ್ಲ, ಅಮ್ಮ. ನಮ್ಮ ಮನೆ ಕದ್ರಿ ಕಂಬಳದ ಹತ್ತಿರ, ಇಳಿಜಾರಿನ ಓಣಿಯ ತುದಿಯಲ್ಲಿ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸದೆ ಗೇಟಿನೊಳಗೆ ಕಾರು ತರಲಿಕ್ಕೆ ಆಗುವುದಿಲ್ಲ. "ಎಂತ ಅದು, ನಿನ್ನ ಕಾರು ಕೋಣ ಮುಲುಗಿದ ಹಾಗೆ ಮುಲುಗ್ತದೆ" ಎಂದು ಅಮ್ಮ ಅಡುಗೆಮನೆಯಿಂದಲೇ ಕೇಳಿದರು. ಕಾರಿಗೆ 15 ವರ್ಷ, ಜೊತೆಗೆ ಮಳೆಗಾಲ. ಏನೋ ಒಂದು ಸದ್ದು ಇದ್ದೇ ಇರುತ್ತದೆ ಎಂದು ಸುಮ್ನೆ ಬಿಟ್ಟೆ.

ಹೆದ್ದಾರಿಯಲ್ಲಿ ಸುರತ್ಕಲ್‌ಗೆ ಹೋಗುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಕಾರ್‌ಸ್ಟ್ರೀಟ್‌ನಲ್ಲಿ ಪಾರ್ಕಿಂಗ್ ಮಾಡುವಾಗ, ಬೆಳಿಗ್ಗೆ ಮೊದಲ ತಿರುವಿನಲ್ಲಿ ಮಾತ್ರ ಸದ್ದು. ಆಮೇಲೆ ಒಂದು ಸಂಜೆ ನಂತೂರಿನಲ್ಲಿ, ಸುರಿಯುವ ಮಳೆಯಲ್ಲಿ, ಕದ್ರಿ ಕಡೆಗೆ ತಿರುಗುವಾಗ ಸ್ಟಿಯರಿಂಗ್ ಕಲ್ಲಿನಷ್ಟು ಗಟ್ಟಿಯಾಯಿತು. ಎರಡೂ ಕೈಯಲ್ಲಿ ಎಳೆದು ತಿರುಗಿಸಿದೆ. ಹಿಂದೆ ಬಸ್ಸಿನ ಹಾರ್ನ್. ಮಂಗಳೂರಿನ ಬಸ್ಸಿನವರಿಗೆ ಕಾರಣ ಹೇಳಿಕೊಂಡು ನಿಲ್ಲಲಿಕ್ಕೆ ಆಗುತ್ತದಾ?

ಮರುದಿನ ಸರ್ವಿಸ್ ಸೆಂಟರಿಗೆ ಒಯ್ದೆ. ಹುಡುಗ ಸೀಟಿನಲ್ಲಿ ಕೂತು ಎರಡು ಸಲ ಸ್ಟಿಯರಿಂಗ್ ತಿರುಗಿಸಿ, "ಪಂಪ್ ಹೋಗಿದೆ ಮೇಡಂ, ರ‍್ಯಾಕ್ ಕೂಡ ಬದಲಿಸಬೇಕಾಗಬಹುದು" ಎಂದ. ಸ್ಟಿಯರಿಂಗ್ ಹಗುರವಾಗಲಿಕ್ಕೆ ಎಣ್ಣೆಯನ್ನು ಒತ್ತಡದಲ್ಲಿ ತಳ್ಳುವುದು ಪಂಪ್, ಆ ಒತ್ತಡದಿಂದ ಮುಂದಿನ ಚಕ್ರಗಳನ್ನು ತಿರುಗಿಸುವುದು ರ‍್ಯಾಕ್. ಅಂದಾಜು 38,000 ರೂಪಾಯಿ. ಆ ಕಾರನ್ನು ಮಾರಿದರೆ ಎಷ್ಟು ಬರುತ್ತದೆ ಎಂದು ನನಗೆ ಗೊತ್ತಿತ್ತು. ನನಗೆ ಬೇಜಾರಾದದ್ದು ದುಡ್ಡಿಗಲ್ಲ. ಅವನು ಎಣ್ಣೆ ಡಬ್ಬಿಯ ಮುಚ್ಚಳವನ್ನೂ ತೆರೆದು ನೋಡಿರಲಿಲ್ಲ.

ಹಾಗಂತ ನಾನೂ ತೆರೆದಿರಲಿಲ್ಲ. ನಾನು ಮಾಡಿದ ದೊಡ್ಡ ಪತ್ತೇದಾರಿಕೆ ಎಂದರೆ ರಾತ್ರಿ ಕಾರಿನಡಿ ಒಂದು ರಟ್ಟು ಹಾಸಿದ್ದು. ಬೆಳಿಗ್ಗೆ ನೋಡಿದರೆ ಒಂದು ಹನಿಯೂ ಇಲ್ಲ. ಹಾಗಾದರೆ ಎಲ್ಲೂ ಲೀಕ್ ಇಲ್ಲ ಎಂದು ತೀರ್ಮಾನಿಸಿದೆ. ಭಾವ ಬಂದು, "ಎಣ್ಣೆ ಕಮ್ಮಿಯಾಗಿರಬೇಕು, ನನ್ನ ಹತ್ರ ಬ್ರೇಕ್ ಆಯಿಲ್ ಉಂಟು, ಹಾಕುವ" ಎಂದರು. ಪುಣ್ಯಕ್ಕೆ ಅದು ಅವರ ಮನೆಯಲ್ಲೇ ಮರೆತುಹೋಗಿತ್ತು.

ಕೊನೆಗೆ ಬಿಕರ್ನಕಟ್ಟೆಯ ಕಡೆ ಒಂದು ಶೆಡ್ಡಿನಂತಹ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್‌ಗೆ ಐವತ್ತು ದಾಟಿರಬಹುದು. ಮೊದಲು ನೋಡಿದ್ದು ಟಯರಿನ ಗಾಳಿ. ಮುಂದಿನ ಎಡಗಡೆಯದರಲ್ಲಿ 22 ಇತ್ತು, ಇರಬೇಕಾದದ್ದು 30. "ಇದರಿಂದಲೂ ಸ್ವಲ್ಪ ಗಟ್ಟಿಯಾಗ್ತದೆ, ಆದರೆ ಟಯರ್ ಮುಲುಗುವುದಿಲ್ಲ ಅಲ್ವಾ" ಎಂದರು. ಆಮೇಲೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಪಂಪನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟ್. ಅದು ಜಾರಿದರೆ ಕೀಂ ಎಂದು ಕಿರುಚುತ್ತದಂತೆ. ನಮ್ಮದು ಗುಂಯ್ ಎನ್ನುವ ಮುಲುಗು. ಬೆಲ್ಟ್ ಸರಿಯಿತ್ತು. ಬಗ್ಗಿ ರ‍್ಯಾಕಿನ ಎರಡೂ ತುದಿಯನ್ನು ಮುಚ್ಚಿರುವ ರಬ್ಬರ್ ಬೂಟುಗಳನ್ನು ಹಿಂಡಿದರು. ಒಳಗೆ ಎಣ್ಣೆ ತುಂಬಿದ್ದರೆ ರ‍್ಯಾಕಿನ ಸೀಲ್ ಹೋಗಿದೆ ಎಂದು ಲೆಕ್ಕ. ಎರಡೂ ಒಣಗಿದ್ದವು. ನನ್ನ 38 ಸಾವಿರದಲ್ಲಿ ಅರ್ಧ ಅಲ್ಲೇ ಇಳಿದ ಹಾಗಾಯಿತು.

ಆಮೇಲೆ ಎಂಜಿನ್ ಶುರು ಮಾಡಿಸಿ ಡಬ್ಬಿಯ ಮುಚ್ಚಳ ತೆರೆದರು. ಕೆಂಪಗೆ ತಿಳಿಯಾಗಿರಬೇಕಾದ ಎಣ್ಣೆ, ಕರಗಿ ಗ್ಲಾಸಿನ ತಳದಲ್ಲಿ ಉಳಿದ ಗಡ್‌ಬಡ್ ಹಾಗೆ ನಸುಗೆಂಪು ನೊರೆಯಾಗಿತ್ತು. "ಈಗ ಎಂಜಿನ್ ಆಫ್ ಮಾಡಿ ಅಕ್ಕ" ಎಂದರು. ಆಫ್ ಮಾಡಿದ ಕೂಡಲೇ ಎಣ್ಣೆ ಡಬ್ಬಿಯಲ್ಲಿ ಮೇಲಕ್ಕೆ ಬಂತು! ಎಣ್ಣೆಯೊಳಗೆ ಸೇರಿ ಪಂಪಿನ ಒತ್ತಡದಲ್ಲಿ ಕುಗ್ಗಿದ್ದ ಗಾಳಿ, ಒತ್ತಡ ಹೋದಾಗ ಹಿಗ್ಗಿ ಎಣ್ಣೆಯನ್ನು ಮೇಲೆ ತಳ್ಳುತ್ತದಂತೆ.

"ಹನಿ ಬೀಳದೆ ಗಾಳಿ ಒಳಗೆ ಹೇಗೆ ಹೋಯ್ತು?" ಎಂದು ನನ್ನ ರಟ್ಟಿನ ಕಥೆ ಹೇಳಿದೆ. ಅವರು ನಕ್ಕರು. "ಬೊಂಡ ಕುಡಿಯುವಾಗ ಸ್ಟ್ರಾ ಒಡೆದಿದ್ದರೆ ನೀರು ಹೊರಗೆ ಚೆಲ್ತದಾ ಅಕ್ಕ? ಇಲ್ಲ. ಬಾಯಿಗೆ ಗಾಳಿ ಬರ್ತದೆ."

ಗಾಳಿ ಒಳಗೆ ಹೋಗುತ್ತಿದ್ದದ್ದು ಡಬ್ಬಿಯಿಂದ ಪಂಪಿಗೆ ಹೋಗುವ ಹೋಸಿನಲ್ಲಿ, ಅಂದರೆ ರಬ್ಬರ್ ಪೈಪಿನಲ್ಲಿ. ಅಲ್ಲಿ ಪಂಪ್ ಎಣ್ಣೆಯನ್ನು ಎಳೆಯುತ್ತದೆ, ತಳ್ಳುವುದಿಲ್ಲ. ಕ್ಲಿಪ್ಪಿನ ಪಕ್ಕದಲ್ಲಿ ರಬ್ಬರ್ ಗಟ್ಟಿಯಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬೆರಳಲ್ಲಿ ಗ್ರೀಸ್ ತೆಗೆದು ಅದರ ಸುತ್ತ ದಪ್ಪಗೆ ಮೆತ್ತಿ, ಎಂಜಿನ್ ಶುರು ಮಾಡಿಸಿದರು. ಮುಲುಗು ಅರ್ಧಕ್ಕರ್ಧ ಇಳಿಯಿತು. ಅಷ್ಟು ನೋಡಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಪಂಪ್‌ವೆಲ್‌ ಸರ್ಕಲ್ಲಿನಿಂದ ಹೋಸ್ ತಂದದ್ದು ಭಾವ. ಮೊದಲ ಸಲ ರೇಡಿಯೇಟರಿನ ಪೈಪ್ ತಂದು ಬೈಸಿಕೊಂಡರು. ನೀರಿನ ರಬ್ಬರ್ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ವಿಷಯ ಹೇಳಿದ್ದಕ್ಕಂತೂ ಮೆಕ್ಯಾನಿಕ್ ತಲೆಗೆ ಕೈ ಇಟ್ಟುಕೊಂಡರು. "ಅದು ಹಾಕಿದ್ದರೆ ಸೀಲೆಲ್ಲ ಹೋಗ್ತಿತ್ತು ಮಾರಾಯ್ರೆ!" ಭಾವ, "ನಮ್ಮ ಕಾರಿಗೆ ಈ ರಗಳೆಯೇ ಇಲ್ಲ, ಕರೆಂಟಿನ ಸ್ಟಿಯರಿಂಗ್" ಎಂದು ಮಾತು ತಿರುಗಿಸಿದರು. ಅದು ನಿಜವೇ. ಅದರಲ್ಲಿ ಎಣ್ಣೆ ಇಲ್ಲ, ಮೋಟಾರು. ಬ್ಯಾಟರಿ ಸೋತರೆ ಅದೂ ಗಟ್ಟಿಯಾಗುತ್ತದೆ ಎಂದು ಮೆಕ್ಯಾನಿಕ್ ಸೇರಿಸಿದಾಗ ಭಾವ ಸುಮ್ಮನಾದರು.

ಗಾಳಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟರು. ಎಂಜಿನ್ ಆಫ್. ಈ ತುದಿಯಿಂದ ಆ ತುದಿಗೆ 20 ಸಲ ತಿರುಗಿಸಬೇಕು. ನಾನು ತಿರುಗಿಸಿದಷ್ಟೂ ಡಬ್ಬಿಯಲ್ಲಿ ಗುಳ್ಳೆ ಬರುತ್ತಿತ್ತು, ಅವರು ಹೊಸ ಎಣ್ಣೆ ಹಾಕುತ್ತಿದ್ದರು. ಗುಳ್ಳೆ ನಿಂತ ಮೇಲೆ ಎಂಜಿನ್ ಶುರು ಮಾಡಿ ಮತ್ತೆ ಅದೇ ಕೆಲಸ. ತುದಿಗೆ ಹೋದಾಗ ಒತ್ತಿ ಹಿಡಿದೆ. "ಬಿಡಿ ಬಿಡಿ ಅಕ್ಕ, ಎಣ್ಣೆ ಕಾಯ್ತದೆ, ಪಂಪಿಗೆ ಭಾರ" ಎಂದು ಕೂಗಿದರು. ಇಷ್ಟು ವರ್ಷ ಪ್ರತಿ ಪಾರ್ಕಿಂಗಿನಲ್ಲಿ ನಾನು ಮಾಡಿದ್ದು ಅದನ್ನೇ.

ಹೋಸ್, ಕ್ಲಿಪ್, ಎಣ್ಣೆ, ಕೂಲಿ ಎಲ್ಲ ಸೇರಿ 1,450 ರೂಪಾಯಿ. ಪಂಪ್ ತಿಂಗಳುಗಟ್ಟಲೆ ಗಾಳಿ ಕುಡಿದಿದೆ, ಎಷ್ಟು ದಿನ ಬಾಳುತ್ತದೋ ಹೇಳಲಿಕ್ಕಾಗುವುದಿಲ್ಲ ಎಂದೂ ಅವರು ಹೇಳಿದರು. ಹಾಗೆ ಹೇಳಿದ್ದು ನನಗೆ ಇಷ್ಟವಾಯಿತು.

ಓಣಿ ಹತ್ತಿ ಮನೆ ಮುಂದೆ ಬಂದೆ. ಸ್ಟಿಯರಿಂಗ್ ಒಂದೇ ಕೈಯಲ್ಲಿ ತಿರುಗಿತು, ಸದ್ದೇ ಇಲ್ಲ. ಗೇಟ್ ಮಾತ್ರ ಮುಚ್ಚಿಯೇ ಇತ್ತು. ಇಷ್ಟು ದಿನ ಅಮ್ಮ ಆ ಮುಲುಗು ಕೇಳಿಯೇ ಬಂದು ತೆರೆಯುತ್ತಿದ್ದರು. ಮಳೆಯಲ್ಲಿ ಕೂತು ಎರಡು ಸಲ ಹಾರ್ನ್ ಹೊಡೆದೆ.