ವಿಪರೀತಕ್ಕೆ ದೀರ್ಘ

ದೊಡ್ಡ ಟೀಚರ್ ತೀರಿಕೊಂಡ ಸುದ್ದಿ ಬಂದದ್ದು 2023ರ ಆಟಿ ತಿಂಗಳಲ್ಲಿ, ಬೆಳಿಗ್ಗೆ ಆರೂವರೆಗೆ. ಅದರ ಬೆನ್ನಿಗೇ ಫೋನಿಗೆ ಇನ್ನೊಂದು ಸುದ್ದಿ ಬಂತು: ಭಾರೀ ಮಳೆ, ಜಿಲ್ಲಾಧಿಕಾರಿಗಳ ಆದೇಶ, ಶಾಲೆಗಳಿಗೆ ರಜೆ. ಎರಡನ್ನೂ ಒಟ್ಟಿಗೆ ಓದಿ ಅಳು ಬರಬೇಕಾದಲ್ಲಿ ನಗು ಬಂತು. ಮಗ ಗಾಬರಿಯಿಂದ ನೋಡಿದ. ಅವನಿಗೆ ಆಗ ಹೇಳದ್ದನ್ನು, ಈಗ ನಾನು ಕಲಿತ ಶಾಲೆಯಿಂದ ಲೇಖನ ಕೇಳಿದ್ದರಿಂದ, ಇಲ್ಲಿ ಬರೆಯುತ್ತಿದ್ದೇನೆ.

ನಾನು ಎಂಟನೆಗೆ ಈ ಶಾಲೆ ಸೇರಿದ್ದು 1971ರಲ್ಲಿ. ಆಗ ಹೆಡ್‌ಮಿಸ್ಟ್ರೆಸ್ ಎನ್ನಲು ಯಾರ ನಾಲಿಗೆಯೂ ಹೊರಳುತ್ತಿರಲಿಲ್ಲ, ಎಲ್ಲರಿಗೂ ಅವರು ದೊಡ್ಡ ಟೀಚರ್. ಆಳು ಐದಡಿಯೂ ಇರಲಿಲ್ಲ. ಬಿಳಿ ಕೈಮಗ್ಗದ ಸೀರೆ, ಮರದ ಹಿಡಿಯ ಗಂಡಸರ ಕೊಡೆ, ಹೆಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ಯಾವಾಗಲೂ ಅವರೇ ಬರೆದ ಮಕ್ಕಳ ಪುಸ್ತಕಗಳು ನಾಲ್ಕೈದು ಇರುತ್ತಿದ್ದವು. ಮೂವತ್ತೆರಡು ಪುಟ, ಮುಕ್ಕಾಲು ರೂಪಾಯಿ. ಪೇಟೆಯ ಒಂದು ಪ್ರೆಸ್ಸಿನಲ್ಲಿ ಸ್ವಂತ ಸಂಬಳದಿಂದ ಅಚ್ಚು ಹಾಕಿಸಿ, ಬಸ್ಸಿನಲ್ಲಿ ಪಕ್ಕ ಕೂತ ಮಗುವಿಗೆ ಪುಕ್ಕಟೆ ಕೊಟ್ಟುಬಿಡುವರು. ಹೀಗೆ ಹನ್ನೊಂದು ಪುಸ್ತಕ. ವ್ಯಾಪಾರ ಎಷ್ಟಾಯಿತೋ ದೇವರೇ ಬಲ್ಲ. ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಸಾಲದ ಕಡತ ನೋಡಿದವಳಾಗಿ ಹೇಳುತ್ತೇನೆ, ನಾನಾದರೆ ಆ ದಂಧೆಗೆ ಒಂದು ರೂಪಾಯಿಯೂ ಮಂಜೂರು ಮಾಡುತ್ತಿರಲಿಲ್ಲ.

ಅವರು ಕಾಸರಗೋಡಿನ ಕಡೆಯವರು. ಅವರು ಹುಟ್ಟುವಾಗ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ, ಮದ್ರಾಸಿನ ಆಡಳಿತ. 1956ರ ನವೆಂಬರ್ 1ರಂದು ಕೆಲಸ ಮಾಡುವ ಊರು ಮೈಸೂರು ರಾಜ್ಯಕ್ಕೆ ಬಂತು, ತವರುಮನೆ ಕೇರಳಕ್ಕೆ ಹೋಯಿತು. ಈ ಬಗ್ಗೆ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ಒಮ್ಮೆ ಮಾತ್ರ, ನಾವು ಹತ್ತನೆಯಲ್ಲಿರುವಾಗ, ರಾಜ್ಯದ ಹೆಸರು ಕರ್ನಾಟಕವಾದ 1973ರ ನವೆಂಬರಿನಲ್ಲಿ, ಗೋಡೆಯ ಭೂಪಟದಲ್ಲಿ 'ಮೈಸೂರು' ಇದ್ದಲ್ಲಿಗೆ ಕಾಗದದ ಚೂರು ಅಂಟಿಸಿ ಹೊಸ ಹೆಸರು ಬರೆದರು. ಬೆರಳು ಹಾಗೇ ಕೆಳಗೆ ಜಾರಿ ಚಂದ್ರಗಿರಿ ಹೊಳೆಯ ಹತ್ತಿರ ನಿಂತಿತು. "ಇಲ್ಲಿ ನನ್ನ ಮನೆ" ಎಂದವರೇ ಷಟ್ಪದಿಗೆ ತಿರುಗಿದರು. ಆ ಷಟ್ಪದಿ ಯಾವುದೆಂದು ಕೇಳಬೇಡಿ. ಮೂರು ವರ್ಷದ ಪಾಠದಲ್ಲಿ ನನಗೆ ಉಳಿದದ್ದು ಆ ಬೆರಳು, ಮತ್ತೆ ಲೆಕ್ಕದ ಮೇಷ್ಟ್ರು ಡಸ್ಟರಿನಿಂದ ಬೆವರು ಒರಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಳ್ಳುತ್ತಿದ್ದದ್ದು.

ಶುಕ್ರವಾರದ ಕೊನೆಯ ಪೀರಿಯಡ್ ಕತೆಗೆ ಮೀಸಲು. ಹೊಸತಾಗಿ ಬರೆದದ್ದನ್ನು ನಮ್ಮ ಮೇಲೆ ಪ್ರಯೋಗಿಸುತ್ತಿದ್ದರು. ಓದುತ್ತ ಓದುತ್ತ ಕನ್ನಡಕದ ಮೇಲಿನಿಂದ ನೋಡುವರು. ಯಾರಾದರೂ ಆಕಳಿಸಿದರೆ ಆ ಸಾಲಿನ ಪಕ್ಕ ಪೆನ್ಸಿಲಿನ ಗೀಟು. ಮುಂದಿನ ವಾರ ಆ ಸಾಲು ಇರುತ್ತಿರಲಿಲ್ಲ. ಕತೆಯ ಕೊನೆಗೆ "ಇದರ ನೀತಿ ಎಂತ ಟೀಚರ್?" ಎಂದು ಕೇಳಿದವಳಿಗೆ "ಕಪ್ಪೆಗೆ ಬಾಲ ಉದುರಿದ ಮೇಲೆಯೇ ಅದು ಕಪ್ಪೆ" ಎಂದಿದ್ದರು. ಪಂಜೆ ಮಂಗೇಶರಾಯರ ಮೇಲೆ ಅವರಿಗೆ ಭಕ್ತಿ. ಶಾಲೆಗಳ ಇನ್ಸ್‌ಪೆಕ್ಟರಾಗಿದ್ದು, ಮಡಿಕೇರಿಯಲ್ಲಿ ಹೆಡ್‌ಮಾಸ್ಟರಾಗಿದ್ದು, ಅದರ ನಡುವೆಯೇ ಮಕ್ಕಳಿಗೆ ಹಾಡು-ಕತೆ ಬರೆದ ಮನುಷ್ಯ ತನ್ನನ್ನು 'ಕವಿಶಿಷ್ಯ' ಎಂದು ಕರೆದುಕೊಂಡರಲ್ಲ, ಅದು ಇವರಿಗೆ ಬಹಳ ಹಿಡಿಸಿತ್ತು. ಲೈಬ್ರರಿ ಎಂಬ ಒಂದು ಕಪಾಟಿನಲ್ಲಿ ಕಾರಂತರ 'ಬಾಲಪ್ರಪಂಚ'ದ ಮೂರು ಸಂಪುಟ ಇದ್ದವು. ಬೀಗದ ಕೈ ಮೊಳೆಗೆ ತೂಗುತ್ತಿತ್ತು, ಯಾರು ಬೇಕಾದರೂ ತೆಗೆಯಬಹುದಿತ್ತು. ಮೊನ್ನೆ ಶಾಲೆಗೆ ಬಂದಾಗ ಕಪಾಟು ಗಾಜಿನದಾಗಿದೆ, ಟೀಚರ ಪುಸ್ತಕಗಳೂ ಒಳಗೆ ಕಾಣುತ್ತವೆ. ಬೀಗದ ಕೈ ಎಲ್ಲಿದೆಯೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಈ ಲೇಖನ ಕೇಳಿದ ಮಗು, ಪಾಪ, "ಇಂಗ್ಲಿಷಿನಲ್ಲಿ ಕೊಟ್ಟರೂ ಆಗ್ತದೆ ಮೇಡಂ" ಎಂದು ಸೇರಿಸಿತು.

ಈಗ ರಜೆಯ ಸಂಗತಿ. 1972ರ ಜುಲೈ, ನಾನು ಒಂಬತ್ತನೆ ಬಿ. ನಾಲ್ಕು ದಿನದಿಂದ ಹಂಚಿನ ಮೇಲೆ ಮಳೆ ಹೊಡೆದು ಹೊಡೆದು ಟೀಚರುಗಳ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು, ಪಾಠ ಕೇಳುತ್ತಿರಲಿಲ್ಲ. ಲಂಗ ಒದ್ದೆ, ಬೆಂಚು ಒದ್ದೆ. ಆಗಿನ ಪದ್ಧತಿಯಲ್ಲಿ ಏನು ತಿಳಿಸಬೇಕಾದರೂ ದೊಡ್ಡ ಟೀಚರ್ ನೋಟೀಸು ಪುಸ್ತಕದಲ್ಲಿ ಬರೆಯುವರು, ಪ್ಯೂನಣ್ಣ ಅದನ್ನು ಕಂಕುಳಲ್ಲಿಟ್ಟುಕೊಂಡು ಕ್ಲಾಸಿನಿಂದ ಕ್ಲಾಸಿಗೆ ಹೋಗುವನು, ಓದಿ ಹೇಳಿದ ಟೀಚರು ಸಹಿ ಹಾಕುವರು. ಪುಸ್ತಕ ಆಫೀಸಿನ ಕಿಟಕಿಯಲ್ಲಿರುತ್ತಿತ್ತು. ನಾನು ಕ್ಲಾಸ್ ಲೀಡರ್, ಚಾಕಿಗೆಂದು ಹೋಗಿ ಬರುವವಳು. ಅಕ್ಷರವೂ ಚೆನ್ನಾಗಿತ್ತು. ದೊಡ್ಡ ಟೀಚರ ಅಕ್ಷರವನ್ನಂತೂ ಅವರಿಗಿಂತ ಚೆನ್ನಾಗಿ ಬರೆಯುತ್ತಿದ್ದೆ.

ಒಬ್ಬಳು ನೀಲಿ-ಕಪ್ಪು ಶಾಯಿಯ ಪೆನ್ನು ತಂದಳು. ಒಬ್ಬಳು ಜಗಲಿಯಲ್ಲಿ ಕಾವಲು. ನಾನು ಬರೆದೆ: 'ಇಂದು ವಿಪರಿತ ಮಳೆಯಾದುದರಿಂದ ಮಧ್ಯಾಹ್ನದ ಮೇಲೆ ಶಾಲೆಗೆ ರಜೆ ಇರುವುದು.' ಕೆಳಗೆ ಸಹಿ. ಇನ್ನೊಬ್ಬಳು ಪುಸ್ತಕವನ್ನು ಪ್ಯೂನಣ್ಣನ ಕೈಗಿಟ್ಟು "ಟೀಚರ್ ಕೊಡ್ಲಿಕ್ಕೆ ಹೇಳಿದ್ರು" ಎಂದಳು.

ಒಂದೊಂದೇ ಕ್ಲಾಸಿನಿಂದ 'ಹೋ' ಎಂಬ ಕೂಗು ಎದ್ದಿತು. ನಾಲ್ಕು ಕ್ಲಾಸು ಖಾಲಿಯಾಗಿ ಕೊಡೆಗಳೆಲ್ಲ ಗೇಟಿನ ಹೊರಗೆ ಹೋದವು. ಐದನೆಯದಾಗಿ ಪ್ಯೂನಣ್ಣ ನಮ್ಮ ಕ್ಲಾಸಿಗೆ ಬಂದ. ನಾವು ಎಲ್ಲ ಯೋಚಿಸಿದ್ದೆವು, ಒಂದನ್ನು ಬಿಟ್ಟು. ಆ ಪೀರಿಯಡ್ ಕನ್ನಡ. ಮೇಜಿನ ಹಿಂದೆ ನಿಂತಿದ್ದವರು ದೊಡ್ಡ ಟೀಚರೇ.

ತಾನು ಬರೆಯದ ತನ್ನ ನೋಟೀಸನ್ನು ಅವರು ಓದಿದರು. ಇನ್ನೊಮ್ಮೆ ಓದಿದರು. ಕಿಟಕಿಯಿಂದ ಆಚೆ, ಅಂಗಳದ ಕೆಂಪು ನೀರಿನಲ್ಲಿ ಓಡುತ್ತಿದ್ದ ಮಕ್ಕಳನ್ನು ನೋಡಿದರು. ಚೀಲದಿಂದ ಕೆಂಪು ಪೆನ್ನು ತೆಗೆದು 'ರಿ'ಗೆ ಒಂದು ದೀರ್ಘ ಎಳೆದರು. ತಂಡಿ ಹಿಡಿದ ಕಾಗದದಲ್ಲಿ ಆ ಕೆಂಪು ದಾಸವಾಳದ ಎಸಳಿನ ಹಾಗೆ ಹರಡಿದ್ದು ಮೊದಲ ಬೆಂಚಿನ ನನಗೆ ಕಂಡಿತು. ಆಮೇಲೆ, ಬೇರೆ ಟೀಚರುಗಳ ಸಹಿಯ ಕೆಳಗೆ, ತನ್ನದೂ ಒಂದು ಸಹಿ ಹಾಕಿದರು.

"ರಜೆಯಂತೆ. ಹೋಗಿ" ಎಂದರು.

ಮರುದಿನ ನನ್ನನ್ನು ಕರೆದರು. ಹೇಗೆ ಗೊತ್ತಾಯಿತೆಂದು ಕೇಳುವ ಧೈರ್ಯ ಇರಲಿಲ್ಲ, ಅವರೇ ಹೇಳಿದರು: "ಇಡೀ ಶಾಲೆಯಲ್ಲಿ ವಿಪರೀತಕ್ಕೆ ಹ್ರಸ್ವ ಬರೆಯುವವಳು ನೀನು ಒಬ್ಬಳೇ. ದೊಡ್ಡ ಟೀಚರಿಗೆ ದೀರ್ಘ ಬರುವುದಿಲ್ಲ ಅಂತ ಊರಿಡೀ ಆಯಿತಲ್ಲ!" ಮೇಜಿನ ಕೆಳಗಿನಿಂದ ಹಳೆಯ ಉತ್ತರಪತ್ರಿಕೆಗಳ ಒಂದು ಕಟ್ಟು ಎಳೆದರು. ಅವರು ಕಾಗದ ಕೊಂಡವರಲ್ಲ, ಮಕ್ಕಳು ಬರೆದು ಬಿಟ್ಟ ಹಾಳೆಗಳ ಖಾಲಿ ಬೆನ್ನಿನಲ್ಲೇ ಕತೆ ಬರೆಯುತ್ತಿದ್ದರು. ಅದರಿಂದ ಒಂದು ಹಾಳೆ ಕೊಟ್ಟು, ನೂರು ಸಲ 'ವಿಪರೀತ' ಬರೆಸಿ, ಅದನ್ನು ಕಟ್ಟಿನೊಳಗೇ ತುರುಕಿದರು. ಮನೆಗೆ ಹೇಳಲಿಲ್ಲ. ಮುಂದೆ ಬ್ಯಾಂಕಿನಲ್ಲಿ ಗಿರಾಕಿಗಳ ಸಹಿ ತಾಳೆ ನೋಡುವ ಕೆಲಸ ನನ್ನ ಪಾಲಿಗೆ ಬಂದದ್ದು, ಒಂದು ಖೋಟಾ ಸಹಿಯೂ ನನ್ನ ಕಣ್ಣು ತಪ್ಪಿಸದ್ದು ಬೇರೆ ಮಾತು.

1975ರಲ್ಲಿ ಅವರ ಕಪ್ಪೆಗಳ ಪುಸ್ತಕ ಬಂತು. ಕೆರೆಯಲ್ಲಿ ಕಪ್ಪೆಗಳಿಗೆ ಒಂದು ಶಾಲೆ. ಒಂದು ಪುಟ್ಟ ಕಪ್ಪೆ ಕೆಸುವಿನ ಎಲೆಯ ಮೇಲೆ 'ವಿಪರೀತ ಬಿಸಿಲು, ಶಾಲೆಗೆ ರಜೆ' ಎಂದು ಗೀಚಿ ತೇಲಿ ಬಿಡುತ್ತದೆ. ಕೊನೆಗೆ ಎಲೆ ಕಪ್ಪೆ ಟೀಚರಿಗೆ ಸಿಗುತ್ತದೆ. ಟೀಚರು ಓದಿ, ಎಲೆಯನ್ನೇ ಕೊಡೆ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಅಷ್ಟೇ ಕತೆ. ಆ ಕಪ್ಪೆ ನಾನೆಂದು ಗಂಡನಿಗೆ, ಮಗನಿಗೆ, ಬ್ಯಾಂಕಿನ ಮೂರು ಬ್ರಾಂಚಿಗೆ ಹೇಳಿದ್ದೇನೆ.

ಕಳೆದ ಜನವರಿಯಲ್ಲಿ ಹಳೆಯ ವಿದ್ಯಾರ್ಥಿನಿಯರೆಲ್ಲ ಟೀಚರ ಮನೆಯಲ್ಲಿ ಸೇರಿದ್ದೆವು. ಮಾತಿಗೆ ಮಾತು ಬಂದು ಕಪ್ಪೆಯ ಪ್ರಸ್ತಾಪ ಎದ್ದಿತು. ಪೆನ್ನು ಕೊಟ್ಟವಳು "ಅದು ನಾನಲ್ವಾ?" ಎಂದಳು. ಕಾವಲು ನಿಂತವಳೂ ಅದನ್ನೇ ಹೇಳಿದಳು. ಪುಸ್ತಕ ದಾಟಿಸಿದವಳಂತೂ ತನ್ನ ಮೊಮ್ಮಕ್ಕಳಿಗೆ 'ಕಪ್ಪೆ ಅಜ್ಜಿ' ಆಗಿದ್ದಾಳೆ. ಟೀಚರ ತಮ್ಮನ ಮಗಳು ಒಳಗಿನಿಂದ ಕಟ್ಟುಗಳನ್ನು ತಂದಿಟ್ಟಳು. ಕಪ್ಪೆಯ ಕತೆ ಸಿಕ್ಕಿತು, ಪೆನ್ಸಿಲಿನ ಗೀಟುಗಳ ಸಮೇತ. ಹಾಳೆ ತಿರುಗಿಸಿದರೆ 1966ರ ಅರ್ಧವಾರ್ಷಿಕ ಪರೀಕ್ಷೆಯ ಭೂಗೋಳ, ಐವತ್ತಕ್ಕೆ ಹದಿನೇಳು. ನಮಗಿಂತ ಹಿಂದಿನ ಬ್ಯಾಚಿನ ಅಕ್ಕ ಒಬ್ಬರು ಬಾಯಿಗೆ ಸೆರಗು ಒತ್ತಿ ನಗತೊಡಗಿದರು. "ಆ ಹದಿನೇಳು ನನ್ನದೇ. ಹಾಗಾದರೆ ನಾನೇ ಕಪ್ಪೆ!" ಅವರ ಕಾಲದಲ್ಲೂ ಯಾರೋ ಒಂದು ರಜೆ ಬರೆದಿದ್ದರಂತೆ.

ನಾನು ಬಿಡಲಿಲ್ಲ. ಟೀಚರ್ ಹಳೆಯ ಹಾಳೆ ಕೂಡಿಡುವವರು, 66ರ ಹಾಳೆಯ ಬೆನ್ನಿನಲ್ಲಿ 72ರಲ್ಲಿ ಬರೆದಿರಬಾರದೇಕೆ, ನನಗೆ ಕೊಟ್ಟದ್ದೂ ಅಂಥದೇ ಹಾಳೆಯಲ್ಲವೇ ಎಂದು ವಾದಿಸಿದೆ.

"ಇರಬಹುದು ಮಾರಾಯ್ತಿ, ಇರಬಹುದು" ಎಂದಳು ಪೆನ್ನು ಕೊಟ್ಟವಳು, ಚಾ ಲೋಟ ನನ್ನ ಕೈಗಿಡುತ್ತ.

ನನ್ನ ನೂರು 'ವಿಪರೀತ'ದ ಹಾಳೆ ಆ ದಿನ ಸಿಗಲಿಲ್ಲ. ಇನ್ನೂ ಎರಡು ಕಟ್ಟು ಅಟ್ಟದಲ್ಲಿ ಉಂಟಂತೆ. ಮಳೆ ಹಿಡಿಯುವ ಮೊದಲು ಒಮ್ಮೆ ಹೋಗಿ ಬರಬೇಕು.