ಗೋಡೆ ಒಣಗಲಿ, ಆಮೇಲೆ ಬಣ್ಣ

ಗೋವಾದಲ್ಲಿ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಹಳೇ ಮನೆ ಇರುವವರಿಗೆ ಈ ಮಾತು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಡಬ್ಬದ ಮೇಲೆ ‘ವಾಟರ್‌ಪ್ರೂಫ್’ ಅಂತ ಇದೆ ಅಂತ ಸುಮ್ನೆ ತಂದು ಗೋಡೆಗೆ ಬಳಿಯಬೇಡಿ. ನಾವು ಬಳಿದು ಅನುಭವಿಸಿದ್ದೇವೆ.

ಮಡಗಾಂವ್ ಹತ್ತಿರ ಈ ಮನೆ ಕೊಂಡಾಗ ಹೊರಗೋಡೆಯ ಸುಣ್ಣದ ಗಾರೆ ಅಲ್ಲಲ್ಲಿ ಉದುರಿತ್ತು. ಅದನ್ನೆಲ್ಲ ಕೆತ್ತಿಸಿ, ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ರಬ್ಬರಿನಂಥ ದಪ್ಪ ಬಣ್ಣ ಎರಡು ಕೋಟ್ ಹೊಡೆಸಿದೆವು. ಮೇ ತಿಂಗಳಲ್ಲಿ ಮನೆ ಮದುವಣಗಿತ್ತಿ ಹಾಗೆ ಕಾಣುತ್ತಿತ್ತು. ಜುಲೈ ಮಧ್ಯಕ್ಕೆ ಪಡುವಣ ಗೋಡೆ ಮೇಲೆ ಅಂಗೈಯಗಲದ ಗುಳ್ಳೆಗಳೆದ್ದವು. ಒಂದನ್ನು ಉಗುರಿನಿಂದ ಚುಚ್ಚಿದೆ. ಒಳಗಿಂದ ಕೆಮ್ಮಣ್ಣು ಬಣ್ಣದ ನೀರು ನನ್ನ ಮೊಣಕೈವರೆಗೆ ಇಳಿಯಿತು. ಅದೇ ಗೋಡೆಯ ಒಳಬದಿಯಲ್ಲಿ ಕಪಾಟಿನ ಹಿಂದೆಲ್ಲ ಬೂಸಲು, ಬಟ್ಟೆಗಳಿಗೆಲ್ಲ ಒದ್ದೆ ವಾಸನೆ. ಅವತ್ತು ನಿಜಕ್ಕೂ ಅಳು ಬಂತು.

ಮಳೆ ಮುಗಿದ ಮೇಲೆ ವಿಜಯಪುರ ಕಡೆಯ ಒಬ್ಬ ಮೇಸ್ತ್ರಿ ಸಿಕ್ಕರು. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಉದ್ದಕ್ಕೂ ನಡೆದು, ಟೊಳ್ಳು ಸದ್ದು ಬಂದ ಕಡೆಯೆಲ್ಲ ಇದ್ದಿಲಿನಿಂದ ಗೆರೆ ಎಳೆದರು. “ಅಕ್ಕಾರ, ನೀರು ಒಳಗ ಹೊಕ್ಕೈತ್ರಿ. ಹೊರಗ ಹೋಗಾಕ ನೀವ ದಾರಿ ಇಟ್ಟಿಲ್ಲ” ಅಂದರು. ಚಿರೆಕಲ್ಲು ನೀರು ಹೀರುವ ಕಲ್ಲು. ಸುಣ್ಣದ ಗಾರೆ ಇದ್ದಾಗ ಹೀರಿದ್ದು ಬಿಸಿಲು ಬಂದಾಗ ಆವಿಯಾಗಿ ಹೋಗುತ್ತಿತ್ತು. ಸಿಮೆಂಟ್ ಗಟ್ಟಿಯೇ ಹೌದು, ಆದರೆ ಕೂದಲೆಳೆಯಷ್ಟು ಸೀಳು ಬಿಟ್ಟರೂ ಸಾಕು, ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಮೇಲೆ ಬಣ್ಣದ ಪದರ ಮುಚ್ಚಳ ಹಾಕಿದ ಹಾಗೆ ಕೂತಿರುವುದರಿಂದ ಅದು ಅಲ್ಲೇ ಉಳಿಯುತ್ತದೆ.

ಹಾಗಾಗಿ ಈ ಸಲ ಬಣ್ಣದ ಯೋಚನೆ ಬಿಟ್ಟು, ನೀರು ಗೋಡೆಗೆ ತಾಗದ ಹಾಗೆ ಮಾಡುವುದು ಹೇಗೆ ಅಂತ ನೋಡಿದೆವು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಅದೂ ನೈಋತ್ಯದ ಗಾಳಿ ಜೊತೆ ಎರಚಲು ಹೊಡೆಯುತ್ತದೆ. ನಮ್ಮ ಸೂರು ಒಂದೇ ಅಡಿ ಹೊರಗೆ ಚಾಚಿತ್ತು, ಅದನ್ನು ಎರಡೂವರೆ ಅಡಿ ಮಾಡಿಸಿದೆವು. ಒಡೆದ ಹಂಚು ಬದಲಾಯಿಸಿದೆವು. ಮಾಡಿನ ನೀರು ಹರಿದುಹೋಗುವ ದೋಣಿಯಲ್ಲಿ ಗೇರು ಎಲೆ ತುಂಬಿ ನೀರು ಗೋಡೆಗೇ ಉಕ್ಕುತ್ತಿತ್ತು, ಈಗ ಮೇ ಕೊನೆಗೆ ನಾನೇ ನಿಂತು ತೆಗೆಸುತ್ತೇನೆ. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಬೆರಳಗಲದ ಒಂದು ಗೀರು ಹಾಕಿಸಿದೆವು. ನೀರು ಸಜ್ಜಾದ ಅಡಿಗೆ ಅಂಟಿಕೊಂಡು ಗೋಡೆವರೆಗೂ ಹರಿದು ಬರುತ್ತದೆ, ಗೀರು ಸಿಕ್ಕರೆ ಅಲ್ಲೇ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ಫಲ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಪಂಚಾಂಗದ, ಅಂದರೆ ಗೋಡೆ ಬುಡದ ಅಡಿಪಾಯದ, ಹತ್ತಿರದ ಕಥೆಯೇ ಬೇರೆ. ಅಲ್ಲಿ ಗೋಡೆ ಹಾಳಾಗಿದ್ದು ಮೇಲಿನ ಮಳೆಯಿಂದಲ್ಲ, ಸೂರಿನ ನೀರು ಅಂಗಳದ ಮಣ್ಣಿಗೆ ಬಿದ್ದು ಸಿಡಿದಿದ್ದರಿಂದ. ಎರಡು ಅಡಿ ಎತ್ತರದವರೆಗೆ ಕೆಂಪು ಕಲೆ, ಅದರ ಮೇಲೆ ಪಾಚಿ. ನೀರು ಬೀಳುವ ಸಾಲಿನಲ್ಲಿ ಉದ್ದಕ್ಕೂ ಜಲ್ಲಿ ಹಾಕಿದೆವು, ಸಿಡಿಯುವುದು ನಿಂತಿತು.

ಕುಮಟಾದ ನಮ್ಮ ಮನೆಯಲ್ಲಿ ಅಪ್ಪ ಪ್ರತಿ ವರ್ಷ ಮಳೆಗೆ ಮುಂಚೆ ಪಡುವಣ ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಗೋವಾದಲ್ಲೂ ತೆಂಗಿನ ಗರಿ ಹೆಣೆದು ಕಟ್ಟುತ್ತಾರೆ, ಇಲ್ಲಿ ಮೊಲ್ಲಾಂ ಅಂತಾರೆ. ಹೆಣಿಗೆಯ ಸಂದಿನಲ್ಲಿ ಗಾಳಿ ಆಡುತ್ತದೆ, ಮಳೆ ಮಾತ್ರ ಹೊರಗೇ ಜಾರಿ ಹೋಗುತ್ತದೆ. ಈಗ ಎಲ್ಲರೂ ನೀಲಿ ಟಾರ್ಪಾಲು ಕಟ್ಟುತ್ತಾರೆ. ಕಟ್ಟಿ, ಬೇಡ ಅನ್ನಲ್ಲ, ಆದರೆ ಗೋಡೆಗೆ ಒತ್ತಿ ಕಟ್ಟಬೇಡಿ, ಒಂದು ಗೇಣು ಜಾಗ ಬಿಡಿ.

ಟೊಳ್ಳಾದ ಸಿಮೆಂಟನ್ನೆಲ್ಲ ತೆಗೆಸಿ ಮತ್ತೆ ಸುಣ್ಣದ ಗಾರೆಗೇ ಬಂದೆವು. ಖರ್ಚು ಜಾಸ್ತಿ, ದಿನವೂ ಜಾಸ್ತಿ. ಒಂದು ಪದರ ಬಿಗಿಯದೆ ಇನ್ನೊಂದು ಹಾಕುವ ಹಾಗಿಲ್ಲ, ಬಿಸಿಲಿಗೆ ಬೇಗ ಒಣಗದಂತೆ ಗೋಣಿ ಒದ್ದೆ ಮಾಡಿ ಹೊದಿಸಬೇಕು. ಮಾಡುವವರು ಸಿಗುವುದೂ ಕಷ್ಟ. ಆದರೂ ಚಿರೆಕಲ್ಲಿಗೆ ಇದೇ ಸರಿ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ವಾಸ್ಕೋದಲ್ಲಿ ತಂಗಿಯ ಫ್ಲ್ಯಾಟ್ ಇದೆ, ಸಮುದ್ರದ ಕಡೆಗೆ ಮುಖ. ಅಲ್ಲಿ ತೊಂದರೆ ಬೇರೆ. ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಒಡೆದು ಬೀಳುತ್ತದೆ. ತುಕ್ಕು ಕೆರೆಯದೆ ಮೇಲೆ ಸಿಮೆಂಟ್ ಮೆತ್ತಿದರೆ ಮತ್ತೆ ಒಡೆಯುತ್ತದೆ.

ಇನ್ನು ಬಣ್ಣ ಯಾವಾಗ? ಅಕ್ಟೋಬರಿನಲ್ಲಿ ಮಾತ್ರ ಬೇಡ. ದೀಪಾವಳಿಗೆ ಮನೆ ಚಂದ ಕಾಣಲಿ ಅಂತ ಎಲ್ಲರಿಗೂ ಆಸೆ, ಆದರೆ ಗೋಡೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮರುದಿನ ತೆಗೆದು ನೋಡಿ. ಗೋಡೆ ಕಡೆಯ ಮೈಯಲ್ಲಿ ಹನಿ ಕೂತಿದ್ದರೆ ಕಾಯಲೇಬೇಕು. ನಮ್ಮ ಪಡುವಣ ಗೋಡೆಯಲ್ಲಿ ಡಿಸೆಂಬರ್‌ನಲ್ಲಿ ಹನಿ ಇತ್ತು, ಜನವರಿಯಲ್ಲೂ ಇತ್ತು. ಮೊನ್ನೆ ಫೆಬ್ರವರಿಯಲ್ಲಿ ತೆಗೆದೆ, ಹಾಳೆ ಒಣಗಿತ್ತು. ನಾಳೆಯಿಂದ ಸುಣ್ಣ ಹೊಡೆಯಲು ಮೇಸ್ತ್ರಿಗೆ ಬರಹೇಳಿದ್ದೇನೆ.